ಕೊಟ್ಟಿಗೆಯಲ್ಲಿ ಮಾವನ ಐಕಾನ್

ನಮ್ಮ ಸ್ಟಾಫ್ ರೂಮಿನಲ್ಲಿ ವರ್ಷಕ್ಕೆ ಎರಡು ಸಲವಾದರೂ ಏಳುವ ಪ್ರಶ್ನೆಯೊಂದಿದೆ. "ಮೇಷ್ಟ್ರೆ, ಆ ಹಳೇ ಗಾಡಿಗೆ ಸುರಿದ ದುಡ್ಡಿಗೆ ಒಂದು ಹೊಸ ಗಾಡಿ ಬುಕ್ ಮಾಡಬಹುದಿತ್ತಲ್ಲ?" ಕೇಳುವವರು ಪ್ರೀತಿಯಿಂದಲೇ ಕೇಳುತ್ತಾರೆ. ಬೆಲ್ ಹೊಡೆಯುವುದರೊಳಗೆ ಉತ್ತರ ಹೇಳಿ ಮುಗಿಸಲಿಕ್ಕೆ ಆಗುವುದಿಲ್ಲ. ಹಾಗಾಗಿ ಇಲ್ಲಿ ನಿಧಾನವಾಗಿ ಬರೆಯುತ್ತಿದ್ದೇನೆ. ಕಾರಿನ ಗಂಧಗಾಳಿ ಇಲ್ಲದವರೂ ಓದಬಹುದು, ಮಧ್ಯೆ ಮಧ್ಯೆ ಒಂಬತ್ತನೇ ತರಗತಿಯ ವಿಜ್ಞಾನ ಬರುತ್ತದೆ ಅಷ್ಟೆ!

ಮೊದಲು ಗಾಡಿಯ ಪರಿಚಯ. ಫೋರ್ಡ್ ಐಕಾನ್, 1.6 ಲೀಟರಿನ ಪೆಟ್ರೋಲ್ ಎಂಜಿನ್, 2001ರ ಮಾಡೆಲ್. ಈ ಕಾರು 1999ರ ಕೊನೆಯಲ್ಲಿ ಮಾರುಕಟ್ಟೆಗೆ ಬಂದಾಗ ಟಿವಿಯಲ್ಲಿ "ಜೋಶ್ ಮಶೀನ್" ಅಂತ ಜಾಹೀರಾತು ಬರುತ್ತಿದ್ದದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಚೆನ್ನೈ ಹತ್ತಿರದ ಮರೈಮಲೈ ನಗರದಲ್ಲಿ ತಯಾರಾದ ಕಾರು, ಅಂದರೆ ನಮ್ಮ ರಾಜ್ಯದ್ದೇ. ಸಾವಿರ ಕಿಲೋ ಆಸುಪಾಸಿನ ತೂಕಕ್ಕೆ ತೊಂಬತ್ತಕ್ಕೂ ಮಿಕ್ಕಿದ ಕುದುರೆ ಶಕ್ತಿ. ಆ ಕಾಲದ ಮನೆಮಂದಿಯ ಕಾರುಗಳ ನಡುವೆ ಅದು ಓಟಗಾರ. ಈಗಿನ ಹುಡುಗರು ಅದನ್ನು "ಸ್ಪೋರ್ಟಿ ಸೆಡಾನ್" ಅನ್ನುತ್ತಾರೆ. ನಮ್ಮ ಮಾವ ಅದನ್ನು "ವಂಡಿ" ಅನ್ನುತ್ತಾರೆ.

ಮಾವ ಅಂದರೆ ನನ್ನ ಹೆಂಡತಿಯ ತಂದೆ. ಊರು ತೇನಿ ಜಿಲ್ಲೆಯ ಕಂಬಂ. ಒಂದು ಕಡೆ ಪಶ್ಚಿಮ ಘಟ್ಟ, ಮಧ್ಯೆ ಮುಲ್ಲೈಪೆರಿಯಾರ್ ನೀರು ಹರಿಯುವ ಕಾಲುವೆಗಳು, ಎತ್ತ ನೋಡಿದರೂ ದ್ರಾಕ್ಷಿ ಚಪ್ಪರ. ಅಲ್ಲಿಯ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಮಾವನದೂ ದ್ರಾಕ್ಷಿ ತೋಟವೇ. ಎರಡು ಒಳ್ಳೆಯ ಫಸಲಿನ ದುಡ್ಡು ಸೇರಿಸಿ ಈ ಕಾರು ಕೊಂಡರಂತೆ.

ಕಂಬಂನಲ್ಲಿ ಕನ್ನಡ ಮನೆಮಾತಿನ ಜನ ಇದ್ದಾರೆ ಅಂದರೆ ಮೈಸೂರಿನವರು ಈಗಲೂ ಹುಬ್ಬೇರಿಸುತ್ತಾರೆ. ಒಕ್ಕಲಿಗ ಕಾಪಿಲಿಯರು ಅಲ್ಲಿ ನೆಲೆಸಿ ಶತಮಾನಗಳೇ ಆಗಿವೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ಸಂಪುಟಗಳಲ್ಲೇ ಅವರನ್ನು ಕನ್ನಡ ಮಾತಾಡುವ ಬೇಸಾಯಗಾರರು ಎಂದು ದಾಖಲಿಸಿದ್ದಾನೆ. ಓದು ಬರಹವೆಲ್ಲ ತಮಿಳಿನಲ್ಲಿ, ಅಡುಗೆಮನೆ ಮತ್ತು ಕೊಟ್ಟಿಗೆಯ ಮಾತು ಕನ್ನಡದಲ್ಲಿ. ನನ್ನ ಹೆಂಡತಿ ಮದುವೆಯಾಗಿ ತಾಳವಾಡಿಗೆ ಬರುವಾಗ ಕನ್ನಡ ಮಾತಾಡುತ್ತಿದ್ದಳು, ಒಂದಕ್ಷರ ಓದಲು ಬರುತ್ತಿರಲಿಲ್ಲ. ನಮ್ಮ ಒಂದನೇ ತರಗತಿಯ ಪುಸ್ತಕ ಮನೆಗೆ ತಂದು ಕಲಿತಳು. ಈಗ ನನ್ನ ಉತ್ತರಪತ್ರಿಕೆಗಳ ಅಂಕ ಕೂಡುವುದು ಅವಳೇ.

ನಾನಿರುವ ತಾಳವಾಡಿ ಈರೋಡು ಜಿಲ್ಲೆಯ ಬೆಟ್ಟದ ಮೇಲಿದೆ. ಆಚೆ ಚಾಮರಾಜನಗರ, ಈಚೆ ಸತ್ಯಮಂಗಲದ ಕಾಡು. ಡಾ. ರಾಜ್‌ಕುಮಾರ್ ಹುಟ್ಟೂರು ಗಾಜನೂರು ಇರುವ ಸೀಮೆ ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ. ತಮಿಳುನಾಡು ಸರ್ಕಾರದ ಕೆಳಗೇ ಕನ್ನಡ ಮಾಧ್ಯಮದ ಶಾಲೆಗಳು ನಡೆಯುವ ಊರುಗಳು ನಮ್ಮವು.

ಇನ್ನು ಕಾರು ಕಂಬಂನಿಂದ ಇಲ್ಲಿಗೆ ಬಂದದ್ದು ಹೇಗೆ? 2018ರ ಹೊತ್ತಿಗೆ ಮಾವನ ಕಣ್ಣು ಮಂಜಾಗಿ ಗಾಡಿ ಓಡಿಸುವುದನ್ನು ನಿಲ್ಲಿಸಿದ್ದರು. ಕಾರು ಹುಣಸೆಮರದ ಕೆಳಗೆ ನಿಂತು ನಿಂತು ನಾಲ್ಕೂ ಟೈರು ಚಪ್ಪಟೆ, ಒಳಗೆ ಇಲಿ ಸಂಸಾರ. ಗುಜರಿಯವನು ಬಂದು ಇಪ್ಪತ್ತೆರಡು ಸಾವಿರ ಅಂದ. ಭಾಮೈದ ಹೂಂ ಅಂದ. ಮಾವ ಏನೂ ಹೇಳಲಿಲ್ಲ, ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ ಅಷ್ಟೆ. ಮೂರನೇ ದಿನ ನನಗೆ ಫೋನ್ ಬಂತು. "ಮಾಪ್ಳೆ, ವಂಡಿ ನೀವೇ ಇಟ್ಕಳಿ. ವರ್ಷಕ್ಕೊಂದ್ಸಲ ಮಾಟ್ಟು ಪೊಂಗಲ್‌ಗೆ ಮಗಳನ್ನ ಅದ್ರಲ್ಲೇ ಕರ್ಕಂಡ್ ಬನ್ನಿ." ದುಡ್ಡು ತೆಗೆದುಕೊಳ್ಳಲಿಲ್ಲ. ಆ ಒಂದು ಷರತ್ತೇ ಬೆಲೆ.

ಷರತ್ತು ಕೇಳಲು ಸಣ್ಣದು. ದಾರಿ ಸಣ್ಣದಲ್ಲ! ತಾಳವಾಡಿಯಿಂದ ಹೆದ್ದಾರಿ ಸೇರಿ ಹಾಸನೂರು, ದಿಂಬಂ, ಬಣ್ಣಾರಿ, ಸತ್ಯಮಂಗಲ, ಕೊಯಮತ್ತೂರು, ಪೊಳ್ಳಾಚಿ, ಪಳನಿ, ದಿಂಡಿಗಲ್. ಇದಿಷ್ಟೂ ಒಂದು ಕಾಲಕ್ಕೆ ಒಂದೇ ರಸ್ತೆ. ಬೆಂಗಳೂರಿನಿಂದ ಕೊಳ್ಳೇಗಾಲ, ಚಾಮರಾಜನಗರದ ಮೇಲೆ ದಿಂಡಿಗಲ್‌ವರೆಗೆ ಹೋಗುತ್ತಿದ್ದ ರಾಷ್ಟ್ರೀಯ ಹೆದ್ದಾರಿ 209. ಈಗ ಅದನ್ನು ಒಡೆದು ಕೊಯಮತ್ತೂರಿನ ಮೇಲಕ್ಕೆ 948, ಕೆಳಕ್ಕೆ 83 ಅಂತ ಸಂಖ್ಯೆ ಕೊಟ್ಟಿದ್ದಾರೆ. ದಿಂಡಿಗಲ್‌ನಿಂದ ಮುಂದೆ ವತ್ತಲಗುಂಡು, ತೇನಿ, ಉತ್ತಮಪಾಳಯಂ, ಕಂಬಂ. ಅದು ಕುಮಿಳಿ ಹತ್ತಿ ಕೇರಳಕ್ಕೆ ಇಳಿಯುವ 183. ಒಟ್ಟು ನಾನೂರು ಕಿಲೋಮೀಟರಿನ ಆಸುಪಾಸು. ಅದರಲ್ಲಿ ದಿಂಬಂ ಘಾಟಿಯ ಇಪ್ಪತ್ತೇಳು ತಿರುವುಗಳು ಬೇರೆ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಗಾಡಿ ಅಲ್ಲಿ ಕೈಕೊಟ್ಟರೆ ಫೋನ್ ಸಿಗ್ನಲ್ಲೂ ಇರುವುದಿಲ್ಲ, ಆನೆ ಮಾತ್ರ ಇರುತ್ತದೆ.

ಹಾಗಾಗಿ ಒಂದು ನಿಯಮ ಮಾಡಿಕೊಂಡೆ. ಮೊದಲು ನಿಲ್ಲುವುದು, ಆಮೇಲೆ ಓಡುವುದು, ಅಂದ ಚೆಂದ ಕೊನೆಗೆ. ತಿಂಗಳ ಸಂಬಳದಲ್ಲಿ ಮೂರು ಸಾವಿರ ಒಂದು ಡಬ್ಬಿಗೆ. ಡಬ್ಬಿಯಲ್ಲಿ ಇದ್ದಷ್ಟಕ್ಕೆ ಕೆಲಸ. ಜಾಗ ಅಂದರೆ ನಮ್ಮ ಹಳೇ ದನದ ಕೊಟ್ಟಿಗೆ. ದನ ಕೊಟ್ಟು ಬಹಳ ವರ್ಷವಾಗಿತ್ತು, ನೆಲಕ್ಕೆ ಸಿಮೆಂಟ್ ಇತ್ತು. ಒಂದು ಸೆಟ್ ಸ್ಪ್ಯಾನರ್, ಜಾಕಿ, ಕಬ್ಬಿಣದ ಎರಡು ಸ್ಟ್ಯಾಂಡ್. ಸ್ಟ್ಯಾಂಡ್ ಇಡದೆ ಬರೀ ಜಾಕಿಯ ನಂಬಿಕೆಯ ಮೇಲೆ ಯಾರೂ ಗಾಡಿಯ ಕೆಳಗೆ ತೂರಬೇಡಿ. ಇದನ್ನು ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಕೊಟ್ಟಿಗೆಯಲ್ಲಿ ನೇತುಹಾಕಿದ್ದೇನೆ.

ಮೊದಲ ಕಾಯಿಲೆ ಜ್ವರ. ಏರು ಹತ್ತಿದ ಕೂಡಲೇ ಶಾಖದ ಸೂಜಿ ಮೇಲೇರುತ್ತಿತ್ತು. ರೇಡಿಯೇಟರ್ ಬಿಚ್ಚಿದರೆ ಟೀ ಬಣ್ಣದ ನೀರು. ವರ್ಷಗಟ್ಟಲೆ ಬೋರ್‌ವೆಲ್ ನೀರನ್ನೇ ಹಾಕಿದ್ದರಿಂದ ಒಳಗೆಲ್ಲ ಸುಣ್ಣದ ಪೊರೆ. ನಮ್ಮ ಮನೆಯ ಬಿಸಿನೀರಿನ ಹಂಡೆಯ ತಳ ನೋಡಿ, ಅದೇ ಪೊರೆ. ರೇಡಿಯೇಟರ್ ತೊಳೆಸಿ, ಹೋಸ್ ಪೈಪುಗಳು, ಥರ್ಮೋಸ್ಟಾಟ್, ಅದರ ಪ್ಲಾಸ್ಟಿಕ್ ಗೂಡು, ಒತ್ತಡದ ಮುಚ್ಚಳ ಎಲ್ಲ ಹೊಸದು ಹಾಕಿದೆ. ಶುದ್ಧೀಕರಿಸಿದ ನೀರು ಅರ್ಧ, ಕೂಲಂಟ್ ಅರ್ಧ. ಇಪ್ಪತ್ತು ವರ್ಷದ ರಬ್ಬರು, ಪ್ಲಾಸ್ಟಿಕ್ಕು ಯಾರ ಗಾಡಿಯದಾದರೂ ಬಿರುಕು ಬಿಡುತ್ತದೆ, ಅದು ವಯಸ್ಸಿನ ಗುಣ.

ಈ ಮುಚ್ಚಳದ ವಿಷಯ ಮಕ್ಕಳಿಗೆ ಹೇಳಲು ಬಹಳ ಚೆನ್ನ. ಮನೆಯ ಕುಕ್ಕರ್‌ನಲ್ಲಿ ಒತ್ತಡ ಹೆಚ್ಚಾದಾಗ ನೀರು 100 ಡಿಗ್ರಿಗೆ ಕುದಿಯದೆ ಇನ್ನೂ ಮೇಲೆ ಹೋಗುತ್ತದಲ್ಲ, ಇಲ್ಲಿಯೂ ಅಷ್ಟೆ. ಮುಚ್ಚಳ ಒತ್ತಡ ಹಿಡಿಯುತ್ತದೆ, ಕೂಲಂಟ್ ಕುದಿಬಿಂದುವನ್ನು ಇನ್ನಷ್ಟು ಏರಿಸುತ್ತದೆ, ಎಂಜಿನ್ ಬದುಕುತ್ತದೆ. ಇಷ್ಟು ದೊಡ್ಡ ಕೆಲಸದ ಮುಚ್ಚಳ ಇನ್ನೂರು ರೂಪಾಯಿಯ ಆಸುಪಾಸಿನದು.

ಎರಡನೆಯದು ಬ್ರೇಕು. ಇಲ್ಲಿಯೇ ಈ ಕಥೆಗೆ ಇನ್ನೊಬ್ಬ ಸೇರಿಕೊಂಡ. ನನ್ನ ವಿದ್ಯಾರ್ಥಿ, ಹೆಸರು ಬೇಡ. ಒಂಬತ್ತನೇ ತರಗತಿಯಲ್ಲಿ ಕೊನೆಯ ಬೆಂಚು, ಲೆಕ್ಕದಲ್ಲಿ ಮೂವತ್ತೈದರ ಆಸುಪಾಸು. 2020ರ ಮಾರ್ಚಿನಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿತು. ಕೆಲವು ತಿಂಗಳಾದ ಮೇಲೆ ಅವನು ಕೊಟ್ಟಿಗೆಯ ಬಾಗಿಲಲ್ಲಿ ಬಂದು ನಿಂತು ನೋಡಲು ಶುರುಮಾಡಿದ. ಒಂದು ದಿನ "ಸಾ, ನಾನು ಒತ್ಲಾ?" ಅಂದ.

ಬ್ರೇಕಿನ ಎಣ್ಣೆ ಬದಲಿಸುವ ಕೆಲಸಕ್ಕೆ ಇಬ್ಬರು ಬೇಕೇ ಬೇಕು. ಒಬ್ಬ ಪೆಡಲ್ ಒತ್ತಬೇಕು, ಇನ್ನೊಬ್ಬ ಚಕ್ರದ ಹತ್ತಿರ ಕೂತು ಸಣ್ಣ ನಟ್ಟು ಸಡಿಲಿಸಿ ಹಳೆಯ ಎಣ್ಣೆಯನ್ನೂ ಗಾಳಿಯ ಗುಳ್ಳೆಯನ್ನೂ ಹೊರಬಿಡಬೇಕು. "ಒತ್ತು... ಹಿಡಿ... ಬಿಡು" ಅಂತ ಸಂಜೆಯವರೆಗೂ ಕೂಗಿದ್ದೇ ಕೂಗಿದ್ದು, ಪಕ್ಕದ ಮನೆಯವರು ಯೋಗ ಕಲಿಸುತ್ತಿದ್ದೀರಾ ಅಂತ ಕೇಳಿದರು! ಹೊರಬಂದ ಎಣ್ಣೆ ಕಾಫಿ ಡಿಕಾಕ್ಷನ್ ಬಣ್ಣಕ್ಕಿತ್ತು.

"ಎಣ್ಣೆ ಸೋರಿಲ್ಲ, ಖಾಲಿಯಾಗಿಲ್ಲ. ಮತ್ತೆ ಬದಲಾಯಿಸೋದು ಯಾಕೆ ಸಾ?" ಅಂದ. ಒಳ್ಳೆಯ ಪ್ರಶ್ನೆ. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ಎಂಬ ದರ್ಜೆಯ ಎಣ್ಣೆ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಸೇರಿದ ಮೇಲೆ ಅದೇ ಮಾನದಂಡ 155ಕ್ಕೆ ಇಳಿಯುತ್ತದೆ. ದಿಂಬಂ ಇಳಿಯುವಾಗ ಸಾವಿರ ಕಿಲೋ ಗಾಡಿ, ಅದರೊಳಗೆ ನಾಲ್ಕು ಜನ. ಆ ಎತ್ತರದಿಂದ ಇಳಿದ ಶಕ್ತಿಯೆಲ್ಲ ಎಲ್ಲಿಗೆ ಹೋಗಬೇಕು? ಬ್ರೇಕು ಒತ್ತುತ್ತಲೇ ಇದ್ದರೆ ಅದು ಅಲ್ಲೇ ಶಾಖವಾಗುತ್ತದೆ. ಎಣ್ಣೆ ಕುದಿದರೆ ಆವಿಯ ಗುಳ್ಳೆ. ದ್ರವವನ್ನು ಒತ್ತಿದರೆ ಒತ್ತಡ ಆಚೆ ತಲುಪುತ್ತದೆ, ಪಾಸ್ಕಲನ ನಿಯಮ. ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದೆ, ಕಾಲು ನೆಲಕ್ಕೆ ತಾಗುತ್ತದೆ, ಗಾಡಿ ಹೋಗುತ್ತಲೇ ಇರುತ್ತದೆ. ಆದ್ದರಿಂದಲೇ ಇಳಿಜಾರಿನಲ್ಲಿ ಎರಡನೇ ಗೇರು, ಎಂಜಿನ್ನಿನ ಹಿಡಿತ, ಬ್ರೇಕು ಆಗಾಗ ಮಾತ್ರ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು "ಪಾಸ್ಕಲ್ ಇದಕ್ಕಾ ಸಾ ಇರೋದು?" ಅಂದ. ಹದಿನೆಂಟು ವರ್ಷ ಪಾಠ ಮಾಡಿದ್ದಕ್ಕೆ ಅಂಥ ಮಾತು ಎಷ್ಟು ಸಲ ಸಿಕ್ಕಿದೆ ಅಂತ ಬೆರಳಲ್ಲಿ ಎಣಿಸಬಹುದು.

ಅವನಿಗೆ ಇನ್ನೊಂದು ಚಿಂತೆ ಇತ್ತು, ನಮ್ಮ ಶಾಲೆಗಳವರಿಗೆಲ್ಲ ಗೊತ್ತಿರುವ ಚಿಂತೆ. ಹತ್ತರವರೆಗೆ ಕನ್ನಡ ಮಾಧ್ಯಮ. ಆಮೇಲೆ? ಬೆಟ್ಟ ಇಳಿದರೆ ಎಲ್ಲ ತಮಿಳು ಅಥವಾ ಇಂಗ್ಲಿಷ್. ತಮಿಳು ಮಾತು ನಮ್ಮ ಮಕ್ಕಳಿಗೆ ಬರುತ್ತದೆ. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಓದು ಬರಹವೂ ಬಂದಿದೆ. ಆದರೆ ಘರ್ಷಣೆ, ಒತ್ತಡ, ಕುದಿಬಿಂದು ಎಂದು ಕಲಿತ ಹುಡುಗನಿಗೆ ತಮಿಳು ಪುಸ್ತಕದ ಅದೇ ಮಾತುಗಳು ಬೇರೆ ಲೋಕದವು ಅನ್ನಿಸುತ್ತವೆ. ಹತ್ತನೇ ತರಗತಿ ಮುಗಿಸಿ ಮೇಷ್ಟ್ರೇ ಇಲ್ಲದ ಹೊಲಕ್ಕೆ, ಶುಂಠಿ ಕೀಳುವ ಕೆಲಸಕ್ಕೆ ಹೋದ ಜಾಣ ಮಕ್ಕಳ ಪಟ್ಟಿ ನನ್ನ ಹತ್ತಿರ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಹೀಗಾಗಿ ಕೊಟ್ಟಿಗೆಯ ಗೋಡೆಯ ಮೇಲೆ ಹಳೆಯ ಕ್ಯಾಲೆಂಡರಿನ ಹಿಂಬದಿ ಅಂಟಿಸಿ ಮೂರು ಕಾಲಮ್ ಹಾಕಿದೆವು. ಕನ್ನಡದ ಘರ್ಷಣೆ, ತಮಿಳಿನ ಉರಾಯ್ವು, ಇಂಗ್ಲಿಷಿನ ಫ್ರಿಕ್ಷನ್. ಒತ್ತಡ, ಅಳುತ್ತಂ, ಪ್ರೆಶರ್. ಕುದಿಬಿಂದು, ಕೊದಿನಿಲೈ, ಬಾಯ್ಲಿಂಗ್ ಪಾಯಿಂಟ್. ಕುದಿ ಮತ್ತು ಕೊದಿ ಅಕ್ಕಪಕ್ಕ ಬಂದಾಗ ಅವನೇ ನಕ್ಕ, "ಸಾ, ಇವೆರಡೂ ಅಣ್ಣತಮ್ಮ". ಬಿಚ್ಚಿದ ಒಂದೊಂದು ಭಾಗಕ್ಕೂ ಒಂದು ಸಾಲು. ವರ್ಷ ಕಳೆಯುವುದರೊಳಗೆ ಗೋಡೆ ತುಂಬಿತು.

ಮೂರನೆಯ ಕೆಲಸ ಕೆಳಗಿನ ಬುಷ್‌ಗಳದು. ಮುಂದಿನ ಚಕ್ರದ ಲೋಯರ್ ಆರ್ಮಿನ ರಬ್ಬರ್ ಬುಷ್ ಸವೆದು ಗುಂಡಿಗೆ ಬಿದ್ದಾಗೆಲ್ಲ ಟಕ್ ಟಕ್ ಅನ್ನುತ್ತಿತ್ತು. ಇದು ಮನೆಯಲ್ಲಿ ಆಗುವ ಕೆಲಸವಲ್ಲ. ಹಳೆಯ ಬುಷ್ ಹೊರಹಾಕಿ ಹೊಸದು ಕೂರಿಸಲು ಪ್ರೆಸ್ ಬೇಕು. ಅದನ್ನು ಕಂಬಂನಲ್ಲೇ ಮಾಡಿಸಿದೆ. ಕಂಬಂ, ಬೋಡಿ ಕಡೆಯಿಂದ ದಿನಾ ಬೆಳಗ್ಗೆ ಏಲಕ್ಕಿ ತೋಟದ ಕೂಲಿಯವರನ್ನು ತುಂಬಿಕೊಂಡು ಇಡುಕ್ಕಿ ಬೆಟ್ಟಕ್ಕೆ ಜೀಪುಗಳು ಹತ್ತುತ್ತವೆ, ಸಂಜೆ ಇಳಿಯುತ್ತವೆ. ಆ ಜೀಪುಗಳನ್ನು ರಿಪೇರಿ ಮಾಡುವ ವರ್ಕ್‌ಶಾಪಿನವರಿಗೆ ಬುಷ್ ಅಂದರೆ ಇಡ್ಲಿ ತಟ್ಟೆಯಿಂದ ಇಡ್ಲಿ ತೆಗೆದಷ್ಟು ಸುಲಭ. ಒಂದು ಗಂಟೆಯಲ್ಲಿ ಮುಗಿಸಿ, "ತೇನಿಗೆ ಹೋಗಿ ವೀಲ್ ಅಲೈನ್‌ಮೆಂಟ್ ಮಾಡಿಸಿ, ಇಲ್ಲದಿದ್ದರೆ ಹೊಸ ಟೈರು ಆರು ತಿಂಗಳಿಗೆ ಬೋಳಾಗ್ತದೆ" ಅಂತ ಬುದ್ಧಿಯನ್ನೂ ಹೇಳಿ ಕಳಿಸಿದರು. ಮನೆಯಲ್ಲಿ ಮಾಡುವ ರಿಪೇರಿ ಅಂದರೆ ಎಲ್ಲವನ್ನೂ ನಾವೇ ಮಾಡುವುದು ಅಂತಲ್ಲ. ಯಾವುದು ನಮ್ಮ ಕೈಯದು, ಯಾವುದು ಅಲ್ಲ ಅಂತ ಗೆರೆ ಎಳೆದುಕೊಳ್ಳುವುದು.

ಬಿಡಿಭಾಗಗಳ ಪಾಡು ಕೇಳಬೇಡಿ. ಭಾರತದಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ ಕಂಪನಿ 2021ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. 2022ರ ಜುಲೈನಲ್ಲಿ ಮರೈಮಲೈ ನಗರದಿಂದ ಕೊನೆಯ ಕಾರು ಹೊರಬಂತು. ಐಕಾನ್ ಅಂತೂ ಅದಕ್ಕಿಂತ ಎಷ್ಟೋ ಮೊದಲೇ ನಿಂತುಹೋಗಿತ್ತು. ಎಣ್ಣೆ, ಫಿಲ್ಟರು, ಬ್ರೇಕ್ ಪ್ಯಾಡು ಕೊಯಮತ್ತೂರಿನಲ್ಲಿ ಸಿಗುತ್ತವೆ. ಬಾಗಿಲ ಹಿಡಿ, ಕಿಟಕಿಯ ಕ್ಲಿಪ್ಪುಗಳಂಥವಕ್ಕೆ ಚೆನ್ನೈನ ಪುದುಪೇಟ್ಟೆಯ ಹಳೇ ಸಾಮಾನಿನ ಅಂಗಡಿಗಳೇ ಗತಿ. ಅಲ್ಲಿಂದ ಬಸ್ಸಿನ ಪಾರ್ಸೆಲ್‌ನಲ್ಲಿ ಬಂದ ಬಾಗಿಲ ಹಿಡಿ ಒಂದು ನೀಲಿ, ಒಂದು ಬಿಳಿ. ನಮ್ಮದು ಕೆಂಪು ಗಾಡಿ. ಎರಡು ಭಾನುವಾರ ಬಣ್ಣ ಹೊಡೆದೆವು.

ಸವೆದುಹೋದ ಬೀಗದ ಕೈಗೆ ಮದ್ದು ಸಿಕ್ಕಿದ್ದು ದಿಂಡಿಗಲ್‌ನಲ್ಲಿ. ಆ ಊರಿನ ಬೀಗಕ್ಕೆ 2019ರಲ್ಲಿ ಭೌಗೋಳಿಕ ಗುರುತು ಬಂತು. ಮಾವಿನಕಾಯಿಯ ಆಕಾರದ ಬೀಗ ನಮ್ಮ ಹಳೇ ಮನೆಗಳಲ್ಲೂ ಇರುತ್ತಿತ್ತು. ಅಲ್ಲಿ ಒಬ್ಬ ಹಿರಿಯರು ನನ್ನ ಬೋಳು ಕೀಲಿಯನ್ನು ಬೆಳಕಿಗೆ ಹಿಡಿದು ನೋಡಿ, ಹೊಸ ಪಟ್ಟಿಯನ್ನು ಕೈಯಲ್ಲೇ ಅರ ಹಾಕಿ ಉಜ್ಜಿ, ನಾಲ್ಕು ಸಲ ತಿರುಗಿಸಿ ನೋಡಿ ಕೊಟ್ಟರು. ಬಾಗಿಲು ತೆರೆಯಿತು. ಹಿಂದಿನ ಗಾಜಿನ ಮೇಲಿನ ಕನ್ನಡ ಅಕ್ಷರ ನೋಡಿ "ಕರ್ನಾಟಕಾವಾ?" ಅಂದರು. ಮೈಸೂರಿಗೆ ಹೋದರೆ ಇದೇ ಗಾಡಿಯ ಟಿಎನ್ 60 ನೋಡಿ ಪೆಟ್ರೋಲ್ ಬಂಕಿನವರು ತಮಿಳಿನಲ್ಲಿ ಮಾತಾಡಿಸುತ್ತಾರೆ. ಎರಡೂ ಕಡೆ ನಾವು ಹೊರಗಿನವರು, ಎರಡೂ ಕಡೆ ಮಾತು ಬರುವವರು. ಗಡಿಯವರ ಪಾಡೇ ಅಷ್ಟು.

ಈಗ "ಮಾಡಿಫಿಕೇಶನ್" ವಿಷಯಕ್ಕೆ ಬರೋಣ. ಹುಡುಗನ ಆಸೆಗಳು ಮೂರು. ಗುಡುಗುವ ಸೈಲೆನ್ಸರು, ಬಾನೆಟ್ಟಿನೊಳಗೆ ಶಂಕುವಿನಾಕಾರದ ಏರ್ ಫಿಲ್ಟರು, ನೆಲಕ್ಕೆ ತಾಗುವಷ್ಟು ತಗ್ಗಿಸಿದ ಗಾಡಿ. ಒಂದೊಂದನ್ನೂ ಕೂತು ಚರ್ಚೆ ಮಾಡಿದೆವು. ಶಂಕುವಿನ ಫಿಲ್ಟರು ತೆರೆದುಕೊಂಡು ಎಂಜಿನ್ನಿನ ಪಕ್ಕದ ಬಿಸಿಗಾಳಿಯನ್ನೇ ಎಳೆಯುತ್ತದೆ. ಬಿಸಿಗಾಳಿಯಲ್ಲಿ ಆಮ್ಲಜನಕ ವಿರಳ, ಆದ್ದರಿಂದ ಶಬ್ದ ಜಾಸ್ತಿ, ಬಲ ಕಮ್ಮಿ. ತಗ್ಗಿಸಿದ ಗಾಡಿ ನಮ್ಮೂರಿನ ಮೊದಲ ಹಂಪಿಗೇ ಹೊಟ್ಟೆ ಉಜ್ಜುತ್ತದೆ. ಸೈಲೆನ್ಸರಿಗಂತೂ ಹೆಚ್ಚು ಮಾತು ಬೇಕಾಗಲಿಲ್ಲ. ಹಾಸನೂರಿನ ರಸ್ತೆಯಲ್ಲಿ ಕಬ್ಬಿನ ಲಾರಿಗೆ ಕಾಯುವ ಆನೆಗಳ ಮುಂದೆ ಅಂಥ ಸದ್ದು ಮಾಡಿಕೊಂಡು ಹೋಗುವ ಧೈರ್ಯ ಇದೆಯಾ ಅಂದೆ. "ಬ್ಯಾಡಿ ಸಾ" ಅಂದ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿ ಇರುವ, ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಇನ್ನೊಮ್ಮೆ ಖಚಿತವಾಗಿ ಹೇಳಿದೆ. ಹಾಗಾದರೆ ನಾವು ಮಾಡಿದ್ದೇನು? ಹೆಡ್‌ಲೈಟಿಗೆ ರಿಲೇ ಹಾಕಿ ದಪ್ಪ ವೈರು ಎಳೆದೆವು. ಬಲ್ಬು ಅದೇ 60/55 ವಾಟಿನದು, ಆದರೆ ಹಳೇ ಸ್ವಿಚ್ಚಿನ ದಾರಿಯಲ್ಲಿ ಸೋರಿಹೋಗುತ್ತಿದ್ದ ವೋಲ್ಟೇಜು ಪೂರ್ತಿ ತಲುಪಿ ಬೆಳಕು ಹಳದಿಯಿಂದ ಬೆಳ್ಳಗಾಯಿತು. ಅದೇ ಅಳತೆಯ ಟೈರು, ಆದರೆ ಹಿಡಿತ ಚೆನ್ನಾಗಿರುವುದು. ಸ್ಪ್ರಿಂಗ್ ಮೊದಲಿನದೇ, ಶಾಕ್ ಅಬ್ಸಾರ್ಬರ್ ಮಾತ್ರ ಗ್ಯಾಸ್ ತುಂಬಿದ್ದು. ಸೀಟ್ ಬೆಲ್ಟುಗಳು ಹೊಸವು. ಇಷ್ಟಕ್ಕೇ ಗಾಡಿಯ ನಡೆ ಬೇರೆಯಾಯಿತು. ದಿಂಬಂ ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿಸಿದಷ್ಟೇ ತಿರುಗಿ, ನೇರ ಮಾಡಿದ ಕೂಡಲೇ ನೇರ ನಿಲ್ಲುತ್ತದೆ. ನನಗೆ ಬೇಕಾದ ಜೋಶ್ ಅಷ್ಟೇ.

ಇತ್ತೀಚಿನ ಕೆಲಸ ಪೆಟ್ರೋಲ್ ಪೈಪುಗಳದು. ಪೆಟ್ರೋಲಿನಲ್ಲಿ ಎಥನಾಲ್ ಬೆರೆಸುವ ಪ್ರಮಾಣ 2025ರಲ್ಲಿ ಶೇಕಡಾ 20ಕ್ಕೆ ಮುಟ್ಟಿದೆ. ಹಳೆಯ ಕಾಲದ ರಬ್ಬರಿಗೆ ಎಥನಾಲ್ ಅಷ್ಟಾಗಿ ಒಗ್ಗುವುದಿಲ್ಲ. ಉಬ್ಬುತ್ತದೆ, ಬಿರಿಯುತ್ತದೆ. ಬಾನೆಟ್ಟಿನೊಳಗೆ ಪೆಟ್ರೋಲ್ ಸೋರಿದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಇಂಜೆಕ್ಷನ್ ಎಂಜಿನ್ನಿನ ಒತ್ತಡ ತಡೆಯುವ, ಆರ್9 ಎಂದು ಮುದ್ರೆ ಇರುವ ಪೈಪನ್ನೇ ಕೇಳಿ ತಂದು, ಕ್ಲಾಂಪುಗಳ ಸಮೇತ ಎಲ್ಲ ಬದಲಿಸಿದೆವು. ಮೈಲೇಜಿನ ಲೆಕ್ಕವನ್ನು ತರಗತಿಯಲ್ಲೇ ಮಾಡಿಸಿದೆ. ಒಂದು ಲೀಟರ್ ಎಥನಾಲಿನ ಶಕ್ತಿ ಪೆಟ್ರೋಲಿನ ಸುಮಾರು ಮೂರನೇ ಎರಡು ಪಾಲು. ಐದರಲ್ಲಿ ಒಂದು ಪಾಲು ಅದು ಸೇರಿದರೆ ಒಟ್ಟು ಶಕ್ತಿ ಎಷ್ಟು ತಗ್ಗುತ್ತದೆ? ಶೇಕಡಾ ಆರೂಮುಕ್ಕಾಲರ ಹತ್ತಿರ. ಭಿನ್ನರಾಶಿ ಯಾವ ಕೆಲಸಕ್ಕೆ ಅಂತ ಆ ದಿನ ಯಾರೂ ಕೇಳಲಿಲ್ಲ.

ಪೊಂಗಲ್ ಪ್ರಯಾಣ ಇಲ್ಲಿಯವರೆಗೆ ಒಂದು ಸಲ ಬಿಟ್ಟು ತಪ್ಪಿಲ್ಲ, ಅದೂ ಕೊರೊನಾದ ಕಾರಣಕ್ಕೆ. 2022ರಿಂದ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ಕೋರ್ಟಿನ ನಿರ್ಬಂಧವಿದೆ. ಹಾಗಾಗಿ ಬೆಳಕು ಹರಿದ ಮೇಲೇ ಹೊರಟು ಸಂಜೆಗೆ ಕಂಬಂ ತಲುಪುತ್ತೇವೆ. ಮಾಟ್ಟು ಪೊಂಗಲ್ ದಿನ ಅಲ್ಲಿಯ ನಂದಗೋಪಾಲನ ಗುಡಿಯಲ್ಲಿ ತಂಬಿರಾನ್ ಮಾಡು, ಅಂದರೆ ದೇವರ ದನಗಳಿಗೆ ಪೂಜೆ. ಸುತ್ತಲಿನ ಊರುಗಳ ಜನವೆಲ್ಲ ಸೇರುತ್ತಾರೆ. ಆ ಜಂಗುಳಿಯಲ್ಲಿ ನನ್ನ ಹೆಂಡತಿ ದೊಡ್ಡಮ್ಮ ಚಿಕ್ಕಮ್ಮಂದಿರ ಜೊತೆ ತನ್ನ ಕನ್ನಡದಲ್ಲಿ ಮಾತಿಗೆ ಕೂತರೆ ಅವಳ ದನಿಯೇ ಬೇರೆಯಾಗುತ್ತದೆ.

ಮಾವನಿಗೆ ಈಗ ಗಾಡಿಯ ಬಣ್ಣ ಸರಿಯಾಗಿ ಕಾಣಿಸುವುದಿಲ್ಲ. ಮೊಮ್ಮಗನ ಕೈಹಿಡಿದು ಬಂದು ಸುತ್ತ ಒಂದು ಸುತ್ತು ಬರುತ್ತಾರೆ. ಟೈರು ಒತ್ತಿ ನೋಡುತ್ತಾರೆ, ಬಾಗಿಲು ಹಾಕಿ ತೆಗೆದು ಸದ್ದು ಕೇಳುತ್ತಾರೆ. ಕೇಳುವ ಪ್ರಶ್ನೆ ಒಂದೇ. "ಬ್ರೇಕ್ ಹೆಂಗದೆ ಮಾಪ್ಳೆ?" ಚೆನ್ನಾಗಿದೆ ಮಾವ ಅನ್ನುತ್ತೇನೆ. ಆಮೇಲೆ ಊಟಕ್ಕೆ ಕೂರುತ್ತಾರೆ.

ಆ ಹುಡುಗನ ಕಥೆ ಹೇಳದೆ ಹೋದರೆ ಲೆಕ್ಕ ಪೂರ್ತಿಯಾಗುವುದಿಲ್ಲ. ಅವನ ಹತ್ತನೇ ತರಗತಿ 2021ರಲ್ಲಿ, ಕೊರೊನಾ ವರ್ಷ, ಪರೀಕ್ಷೆಯಿಲ್ಲದೆ ಎಲ್ಲರೂ ಪಾಸು. ಮನೆಯ ಕಷ್ಟಕ್ಕೆ ಎರಡು ವರ್ಷ ಕೂಲಿಗೆ ಹೋದ. ಭಾನುವಾರ ಮಾತ್ರ ಕೊಟ್ಟಿಗೆ ಬಿಡಲಿಲ್ಲ. 2023ರಲ್ಲಿ ಅವನ ಅಪ್ಪನ ಹತ್ತಿರ ಮೂರು ಸಲ ಹೋಗಿ ಕೂತು ಮಾತಾಡಿ, ಬೆಟ್ಟದ ಕೆಳಗಿನ ಐ.ಟಿ.ಐ.ಗೆ ಸೇರಿಸಿದೆವು. ಎರಡು ವರ್ಷದ ಮೋಟಾರ್ ಮೆಕ್ಯಾನಿಕ್ ಕೋರ್ಸು. ಮೊದಲ ತಿಂಗಳೇ ಫೋನು. "ಸಾ, ಥಿಯರಿ ಒಂದೂ ತಲೆಗೆ ಹೋಗ್ತಿಲ್ಲ. ಬಿಟ್ ಬತ್ತೀನಿ." ನಾನು ಬುದ್ಧಿ ಹೇಳಲು ಹೋಗಲಿಲ್ಲ. ಗೋಡೆಯ ಮೂರು ಕಾಲಮ್ಮಿನ ಫೋಟೋ ತೆಗೆದು ಕಳಿಸಿ, ನಾಳೆಯ ಪಾಠದಲ್ಲಿ ಇದರಲ್ಲಿನ ಎಷ್ಟು ಪದ ಬರುತ್ತವೆ ಎಣಿಸಿ ಹೇಳು ಅಂದೆ. ಮರುದಿನ ಸಂಜೆ ಸಂದೇಶ ಬಂತು. "ಹನ್ನೊಂದು ಸಾ." ಒಂದು ವಾರದ ನಂತರ, "ಪಟ್ಟೀಲಿ ಇಲ್ದೇ ಇರೋದು ಆರು ಸಿಕ್ತು, ಬರ್ಕಳಿ."

2025ರಲ್ಲಿ ಪಾಸಾದ. ಈಗ ಕೊಯಮತ್ತೂರಿನ ಒಂದು ವರ್ಕ್‌ಶಾಪಿನಲ್ಲಿ ಕೆಲಸ. ಮೂರು ಭಾಷೆಯಲ್ಲಿ ಗಿರಾಕಿಗಳ ಹತ್ತಿರ ಮಾತಾಡುತ್ತಾನೆ ಅಂತ ಅವನ ಮೇಸ್ತ್ರಿಗೆ ಹೆಮ್ಮೆ. ಆ ಪಟ್ಟಿ ಈಗ ನೂರನಲವತ್ತು ದಾಟಿದೆ, ಚೊಕ್ಕವಾಗಿ ಬರೆಸಿ ನಮ್ಮ ವಿಜ್ಞಾನ ಕೊಠಡಿಯಲ್ಲಿ ಹಾಕಿದ್ದೇವೆ.

ಇನ್ನು ದುಡ್ಡಿನ ಲೆಕ್ಕ, ಸ್ಟಾಫ್ ರೂಮಿನವರಿಗೆ ಬೇಕಾದದ್ದು ಅದೇ ತಾನೆ! ಏಳು ವರ್ಷದಲ್ಲಿ ಟೈರು, ವಿಮೆ ಬಿಟ್ಟು ಗಾಡಿಗೆ ಹಾಕಿದ್ದು ಒಂದು ಲಕ್ಷದ ನಲವತ್ತೆರಡು ಸಾವಿರ. ಡಬ್ಬಿಯ ಪುಸ್ತಕದಲ್ಲಿ ಎಲ್ಲ ಬರೆದಿದೆ. ಅಷ್ಟು ದುಡ್ಡಿಗೆ ಹೊಸ ಗಾಡಿ ಬರುವುದಿಲ್ಲ, ಅದರ ಮುಂಗಡ ಬರುತ್ತದೆ, ಜೊತೆಗೆ ಐದು ವರ್ಷದ ಸಾಲದ ಕಂತು. ನನ್ನ ಗಾಡಿಯ ನೋಂದಣಿ ನವೀಕರಣ 2026ರಲ್ಲಿ. ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ ನವೀಕರಣ ಶುಲ್ಕವನ್ನು 2025ರ ಆಗಸ್ಟಿನಲ್ಲಿ ಹತ್ತು ಸಾವಿರಕ್ಕೆ ಏರಿಸಿದ್ದಾರೆ. ಅದೂ ಸೇರಿಸಿ, ಹಸಿರು ತೆರಿಗೆಯೂ ಸೇರಿಸಿ ಲೆಕ್ಕ ಹಾಕಿದರೆ ಹೊರೆಯೇ. ಹಳೇ ಗಾಡಿ ಹೊಸದಕ್ಕಿಂತ ಹೆಚ್ಚು ಹೊಗೆ ಬಿಡುತ್ತದೆ, ಇದರಲ್ಲಿ ಏರ್ ಬ್ಯಾಗ್ ಇಲ್ಲ ಎಂಬ ಮಾತೂ ನಿಜ. ಆದ್ದರಿಂದ ದಿನಾ ಶಾಲೆಗೆ ನಾನು ಹೋಗುವುದು ಸೈಕಲ್ಲಿನಲ್ಲಿ, ಇಲ್ಲವೇ ಬಸ್ಸಿನಲ್ಲಿ. ಐಕಾನ್ ಹೊರಡುವುದು ತಿಂಗಳಿಗೆ ಎರಡು ಸಲ, ಪೊಂಗಲ್‌ಗೆ ಒಂದು ಸಲ. ಎಲ್ಲರೂ ಹೀಗೇ ಮಾಡಿ ಅಂತ ನಾನು ಹೇಳುತ್ತಿಲ್ಲ. ಶುಲ್ಕದ ಹಣವನ್ನು ಡಬ್ಬಿಯಲ್ಲಿ ಬೇರೆ ಎತ್ತಿಟ್ಟಿದ್ದೇನೆ, ಮಾವನ ಷರತ್ತಿಗೆ ಅವಧಿ ಹಾಕಿರಲಿಲ್ಲವಲ್ಲ.

ಕೊನೆಗೆ ಒಂದು ಕೋರಿಕೆ. ಕಾಸರಗೋಡಿನ ಶಾಲೆಗಳ ಗೆಳೆಯರೆ, ನಿಮ್ಮ ಮಕ್ಕಳಿಗೆ ಬೇಕಾದದ್ದು ಮಲಯಾಳದ ಕಾಲಮ್ಮು. ಅಕ್ಕಲಕೋಟೆ, ಜತ್ತ ಕಡೆಯವರಿಗೆ ಮರಾಠಿಯದು. ಆಂಧ್ರದ ಗಡಿಯವರಿಗೆ ತೆಲುಗಿನದು. ವಿಜ್ಞಾನದ ಮಾತುಗಳನ್ನು ಹೀಗೆ ಸಾಲು ಹಾಕಿ ಇಟ್ಟವರು ನಿಮ್ಮಲ್ಲಿ ಇದ್ದರೆ ದಯವಿಟ್ಟು ಹಂಚಿಕೊಳ್ಳಿ. ಇಲ್ಲದಿದ್ದರೆ ಈ ಬೇಸಿಗೆ ರಜೆಯಲ್ಲಿ ಶುರುಮಾಡಿ. ಅದಕ್ಕೆ ಕಾರೇ ಬೇಕು ಅಂತೇನಿಲ್ಲ. ಪಂಪ್‌ಸೆಟ್ ಆದೀತು, ಹೊಲಿಗೆ ಮಿಷನ್ ಆದೀತು, ಮಿಕ್ಸಿ ಆದರೂ ಆದೀತು. ಬಿಚ್ಚುವಾಗ ಮಾತ್ರ ಪಕ್ಕದಲ್ಲಿ ಒಬ್ಬ ಹುಡುಗನೋ ಹುಡುಗಿಯೋ ಇರಲಿ, ನಟ್ಟುಗಳನ್ನು ಹಾಕಿಡಲು ಒಂದು ತಟ್ಟೆಯೂ ಇರಲಿ.